ತೊಂಬತ್ತು ದಿನಗಳ ಗಡುವು: ದೆಹಲಿ ಏರ್‌ಪೋರ್ಟ್ ಮೆಟ್ರೊ ಒಪ್ಪಂದ ಮುರಿದ ಬಗೆ

ನವದೆಹಲಿ ರೈಲು ನಿಲ್ದಾಣದಿಂದ ಇಂದಿರಾ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಹಾಯ್ದು ದ್ವಾರಕಾ ಸೆಕ್ಟರ್ 21ರವರೆಗೆ ಹೋಗುವ 22.7 ಕಿ.ಮೀ. ಉದ್ದದ ಮೆಟ್ರೊ ಮಾರ್ಗ 2011ರ ಫೆಬ್ರುವರಿ 23ರಂದು ಪ್ರಯಾಣಿಕರಿಗೆ ತೆರೆದುಕೊಂಡಿತು. ಹದಿನೇಳು ತಿಂಗಳು ತುಂಬುವ ಮೊದಲೇ, 2012ರ ಜುಲೈ ಎರಡನೇ ವಾರದಲ್ಲಿ, ಅಲ್ಲಿನ ರೈಲುಗಳು ನಿಂತವು. ಮಾರ್ಗದ ಕಾಮಗಾರಿ ಮಾಡಿಸಿದ ಸರ್ಕಾರಿ ನಿಗಮಕ್ಕೂ ಅದನ್ನು ಓಡಿಸುತ್ತಿದ್ದ ಖಾಸಗಿ ಕಂಪನಿಗೂ ಆಗ ಶುರುವಾದ ವ್ಯಾಜ್ಯ, ಗುತ್ತಿಗೆಯ ತಕರಾರನ್ನು ನ್ಯಾಯಾಲಯದ ಹೊರಗೆ ತೀರ್ಮಾನಿಸುವ ಮಧ್ಯಸ್ಥಿಕೆ ನ್ಯಾಯಮಂಡಳಿ, ದೆಹಲಿ ಹೈಕೋರ್ಟಿನ ಎರಡು ಪೀಠಗಳು ಮತ್ತು ಸುಪ್ರೀಂ ಕೋರ್ಟನ್ನು ದಾಟಿ, 2024ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನಲ್ಲೇ, ಮರುಪರಿಶೀಲನೆಯೂ ವಜಾ ಆದ ಮೇಲೆ ಉಳಿಯುವ ಕ್ಯುರೇಟಿವ್ ಅರ್ಜಿಯ ತೀರ್ಪಿನೊಂದಿಗೆ ಮುಗಿಯಿತು. ಈ ನಡುವೆ ವ್ಯಾಜ್ಯದ ಮೊತ್ತ ಬಡ್ಡಿ ಸೇರಿ ಸುಮಾರು 8,000 ಕೋಟಿ ರೂಪಾಯಿಗೆ ಏರಿತ್ತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಮಧ್ಯಸ್ಥಿಕೆ ಕಾನೂನಿನ ವಿದ್ಯಾರ್ಥಿಗಳು ಓದುತ್ತಾರೆ. ನ್ಯಾಯಾಲಯ ಮಧ್ಯಸ್ಥಿಕೆಯ ತೀರ್ಪಿನಲ್ಲಿ ಎಷ್ಟರ ಮಟ್ಟಿಗೆ ಕೈಹಾಕಬಹುದು ಎಂಬ ಪ್ರಶ್ನೆಗೆ ಇದು ದೊಡ್ಡ ಉದಾಹರಣೆ. ಆದರೆ ನಗರ ಸಾರಿಗೆಯ ದೃಷ್ಟಿಯಿಂದ ನೋಡಿದರೆ ತಕರಾರಿನ ಬೇರು ಇರುವುದು ನ್ಯಾಯಾಲಯದ ಕಟಕಟೆಯಲ್ಲಲ್ಲ, 2008ರಲ್ಲಿ ಒಂದೇ ರೈಲು ಮಾರ್ಗವನ್ನು ಇಬ್ಬರ ನಡುವೆ ಹಂಚಿದ ರೀತಿಯಲ್ಲಿ. ಮೆಟ್ರೊ ಮಾರ್ಗವೊಂದು ಓಡಲು ಯೋಗ್ಯವೇ ಎಂದು ಹೇಳುವ ಅಧಿಕಾರವನ್ನು ಕಾನೂನು ಒಬ್ಬ ಅಧಿಕಾರಿಗೆ ಕೊಟ್ಟಿದೆ. ಅದೇ ಮಾರ್ಗದ ದೋಷ ಸರಿಹೋಗಿದೆಯೇ ಎಂದು ಅಳೆಯಲು ಒಪ್ಪಂದ ಬೇರೆಯೇ ಒಂದು ಗಡಿಯಾರವನ್ನು ಇಟ್ಟುಕೊಂಡಿತ್ತು. ಇವೆರಡಕ್ಕೂ ಇರುವ ಸಂಬಂಧವೇನು ಎಂಬುದನ್ನು ಯಾರೂ ಮೊದಲೇ ಬರೆದಿಡಲಿಲ್ಲ.

ಹಂಚಿಕೆ

ದೆಹಲಿ ಮೆಟ್ರೊದ ಉಳಿದ ಮಾರ್ಗಗಳನ್ನು ದೆಹಲಿ ಮೆಟ್ರೊ ರೈಲು ನಿಗಮ, ಅಂದರೆ ಡಿಎಂಆರ್‌ಸಿ, ತಾನೇ ಕಟ್ಟಿಸಿ ತಾನೇ ಓಡಿಸುತ್ತದೆ. ಕೇಂದ್ರ ಸರ್ಕಾರ ಮತ್ತು ದೆಹಲಿ ಸರ್ಕಾರ ಈ ನಿಗಮದಲ್ಲಿ ಸಮಪಾಲು ಹೊಂದಿವೆ. ಬಂಡವಾಳದ ದೊಡ್ಡ ಪಾಲು ಜಪಾನಿನ ಸಾಲದಿಂದ ಬಂದಿದೆ. ವಿಮಾನ ನಿಲ್ದಾಣದ ಮಾರ್ಗಕ್ಕೆ ಬಂದಾಗ ಮಾತ್ರ ಖಾಸಗಿ ಪಾಲುದಾರಿಕೆಯ ದಾರಿ ಹಿಡಿಯಲಾಯಿತು. ವಿಮಾನ ಪ್ರಯಾಣಿಕರು ಹೆಚ್ಚಿನ ದರ ಕೊಡಬಲ್ಲರು, ನಿಲ್ದಾಣಗಳ ಮಳಿಗೆ ಮತ್ತು ಜಾಹೀರಾತಿನಿಂದಲೂ ವರಮಾನ ಬರುತ್ತದೆ, ಆದ್ದರಿಂದ ಸರ್ಕಾರದ ಹಣವನ್ನು ಇಲ್ಲಿ ಪೂರ್ತಿ ಹೂಡಬೇಕಿಲ್ಲ ಎಂಬುದು ಇದರ ಹಿಂದಿನ ಲೆಕ್ಕಾಚಾರ. 2010ರ ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡಾಕೂಟದೊಳಗೆ ಮಾರ್ಗ ಸಿದ್ಧವಾಗಬೇಕೆಂಬ ಅವಸರವೂ ಜೊತೆಗಿತ್ತು. ಆ ಗಡುವನ್ನು ಮುಟ್ಟಲು ಆಗಲಿಲ್ಲ.

2008ರ ಆಗಸ್ಟ್ 25ರಂದು ಡಿಎಂಆರ್‌ಸಿಯು ದೆಹಲಿ ಏರ್‌ಪೋರ್ಟ್ ಮೆಟ್ರೊ ಎಕ್ಸ್‌ಪ್ರೆಸ್ ಪ್ರೈವೇಟ್ ಲಿಮಿಟೆಡ್ ಎಂಬ ಕಂಪನಿಯೊಂದಿಗೆ, ಮಾರ್ಗವನ್ನು ನಡೆಸಿ ವರಮಾನ ಪಡೆಯುವ ಹಕ್ಕು ಕೊಡುವ 30 ವರ್ಷಗಳ ಕನ್ಸೆಷನ್ ಒಪ್ಪಂದ ಮಾಡಿಕೊಂಡಿತು. ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಮತ್ತು ಸ್ಪೇನಿನ ರೈಲು ತಯಾರಿಕಾ ಸಂಸ್ಥೆ ಸಿಎಎಫ್ ಸೇರಿ ಕಟ್ಟಿದ ಕಂಪನಿ ಇದು. ಒಡೆತನದ ಬಹುಪಾಲು ರಿಲಯನ್ಸ್‌ನದು. ಸುರಂಗ, ಕಂಬ, ಎತ್ತರಿಸಿದ ಮಾರ್ಗದ ತೊಲೆಗಳು, ನಿಲ್ದಾಣಗಳ ಕಟ್ಟಡ ಮುಂತಾದ ಸಿವಿಲ್ ಕಾಮಗಾರಿ ಡಿಎಂಆರ್‌ಸಿಯ ಪಾಲಿಗೆ ಬಂತು. ಹಳಿ, ವಿದ್ಯುತ್ ತಂತಿ, ಸಿಗ್ನಲ್, ರೈಲು, ಟಿಕೆಟ್ ವ್ಯವಸ್ಥೆ, ನಗರದೊಳಗೇ ಲಗೇಜು ಒಪ್ಪಿಸುವ ಚೆಕ್‌-ಇನ್ ಸೌಲಭ್ಯ, ಡಿಪೊ, ಆಮೇಲೆ 30 ವರ್ಷಗಳ ನಿರ್ವಹಣೆ, ಇವೆಲ್ಲ ಕಂಪನಿಯ ಪಾಲಾದವು. ಕಂಪನಿ ತನ್ನ ಭಾಗಕ್ಕೆ ತೊಡಗಿಸಬೇಕಾದ ವೆಚ್ಚ 2,885 ಕೋಟಿ ರೂಪಾಯಿ. ಇದರ ದೊಡ್ಡ ಪಾಲು ಬ್ಯಾಂಕ್ ಸಾಲ. ಪ್ರತಿಯಾಗಿ ಟಿಕೆಟ್ ಮತ್ತು ಮಳಿಗೆಗಳ ವರಮಾನ ಅದಕ್ಕೆ ಸೇರುತ್ತದೆ, ಆದರೆ ವರ್ಷಕ್ಕೆ 51 ಕೋಟಿ ರೂಪಾಯಿಯಿಂದ ಶುರುವಾಗಿ ವರ್ಷವರ್ಷವೂ ಏರುವ ಕನ್ಸೆಷನ್ ಶುಲ್ಕವನ್ನು ಡಿಎಂಆರ್‌ಸಿಗೆ ಕಟ್ಟಬೇಕು.

ಕಾಗದದ ಮೇಲೆ ಈ ಹಂಚಿಕೆ ಸಹಜವಾಗಿಯೇ ಕಾಣುತ್ತದೆ. ಕಾಂಕ್ರೀಟಿನ ಕೆಲಸದಲ್ಲಿ ಡಿಎಂಆರ್‌ಸಿಗೆ ಅನುಭವವಿತ್ತು. ಭೂಸ್ವಾಧೀನವೂ ಅದರಿಂದಲೇ ಆಗಬೇಕಿತ್ತು. ಆದರೆ ರೈಲು ಓಡುವಾಗ ಹಳಿ ಬೇರೆ, ತೊಲೆ ಬೇರೆ ಎಂದು ಬಿಡಿಸಿ ನೋಡಲು ಬರುವುದಿಲ್ಲ. ರೈಲಿನ ಭಾರ, ಬ್ರೇಕಿನ ತಳ್ಳು, ಬಿಸಿಲಿಗೆ ಕಾಂಕ್ರೀಟು ಹಿಗ್ಗುವ ಬಲ ಎಲ್ಲವೂ ಹಳಿಯಿಂದ ತೊಲೆಗೆ, ತೊಲೆಯಿಂದ ಬೇರಿಂಗಿಗೆ, ಬೇರಿಂಗಿನಿಂದ ಕಂಬಕ್ಕೆ ಇಳಿಯುತ್ತವೆ. ಒಪ್ಪಂದದ ಗೆರೆ ಹಾದು ಹೋದದ್ದು ಸರಿಯಾಗಿ ಈ ಸರಪಳಿಯ ನಡುವೆ: ಹಳಿ ಒಬ್ಬರದು, ಅದರ ಕೆಳಗಿನ ತೊಲೆ ಇನ್ನೊಬ್ಬರದು. ತೊಲೆ ಅಲುಗಿದರೆ ತಪ್ಪು ಕಟ್ಟಿದವರದೋ, ಓಡಿಸಿ ನೋಡಿಕೊಳ್ಳುತ್ತಿದ್ದವರದೋ ಎಂಬ ಪ್ರಶ್ನೆ ಅಲ್ಲೇ ಹುಟ್ಟಿಕೊಂಡಿತ್ತು.

ಹಣದ ಒತ್ತಡ, ತೊಲೆಗಳ ಬಿರುಕು

ಮಾರ್ಗ ತೆರೆದಾಗ ಅದು ದೇಶದ ಅತ್ಯಂತ ವೇಗದ ಮೆಟ್ರೊ ಆಗಿತ್ತು. ಗಂಟೆಗೆ 135 ಕಿ.ಮೀ. ವೇಗಕ್ಕೆ ವಿನ್ಯಾಸ ಮಾಡಿದ್ದರು. ನವದೆಹಲಿಯಿಂದ ವಿಮಾನ ನಿಲ್ದಾಣಕ್ಕೆ ಸುಮಾರು ಇಪ್ಪತ್ತು ನಿಮಿಷದ ದಾರಿ. ಉದ್ದದಲ್ಲಿ 15.7 ಕಿ.ಮೀ. ನೆಲದಡಿ ಇದ್ದು, ಬುದ್ಧ ಜಯಂತಿ ಉದ್ಯಾನದಿಂದ ಮಹಿಪಾಲಪುರದವರೆಗಿನ ಸುಮಾರು 7 ಕಿ.ಮೀ. ಮಾತ್ರ ಕಂಬಗಳ ಮೇಲೆ ಹಾದಿದೆ. ಮುಂದಿನ ಇಡೀ ವಿವಾದ ಈ ಏಳು ಕಿಲೋಮೀಟರಿನದು ಎಂಬುದನ್ನು ನೆನಪಿಡಬೇಕು.

ಪ್ರಯಾಣಿಕರು ನಿರೀಕ್ಷಿಸಿದಷ್ಟು ಬರಲಿಲ್ಲ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ದರ ನಗರದ ಉಳಿದ ಮೆಟ್ರೊಗಿಂತ ಹಲವು ಪಟ್ಟು ಹೆಚ್ಚಿತ್ತು, ನಿಲ್ದಾಣಗಳು ಆರೇ ಇದ್ದವು, ಮತ್ತು ಕುಟುಂಬ ಸಮೇತ ಸೂಟ್‌ಕೇಸ್ ಹಿಡಿದು ಹೊರಟವರಿಗೆ ಟ್ಯಾಕ್ಸಿಯೇ ಅನುಕೂಲವಾಗಿತ್ತು. ವಿಮಾನ ನಿಲ್ದಾಣದ ಮಾರ್ಗವನ್ನು ವಿಮಾನ ಏರುವವರಷ್ಟೇ ಬಳಸುತ್ತಾರೆಂಬ ಎಣಿಕೆಯೇ ತಪ್ಪು. ಅಲ್ಲಿ ಪಾಳಿಯಲ್ಲಿ ದುಡಿಯುವ ಸಾವಿರಾರು ನೌಕರರೂ ಇದ್ದಾರೆ, ಆದರೆ ಅವರು ದಿನವೂ ಅಷ್ಟು ದರ ತೆರಲಾರರು. 2012ರ ಮಾರ್ಚ್‌ನಲ್ಲಿ ಕಂಪನಿಯು ನಿಲ್ದಾಣಗಳ ಜಾಗ ಕೈಗೆ ಸಿಗುವುದು ತಡವಾಯಿತೆಂಬ ಕಾರಣ ಕೊಟ್ಟು, ಕನ್ಸೆಷನ್ ಶುಲ್ಕವನ್ನು ಮುಂದೂಡಬೇಕೆಂದು ಡಿಎಂಆರ್‌ಸಿಗೆ ಪತ್ರ ಬರೆಯಿತು. ಎರಡು ತಿಂಗಳ ನಂತರ, ಮೇ 23ರಂದು, ಎತ್ತರಿಸಿದ ಮಾರ್ಗದ ಬೇರಿಂಗುಗಳನ್ನು ಜಂಟಿಯಾಗಿ ಪರಿಶೀಲಿಸಬೇಕೆಂದು ಕೇಳಿತು. ಸಿವಿಲ್ ಗುತ್ತಿಗೆದಾರರು ತಮ್ಮ ಕೆಲಸದ ದೋಷವನ್ನು ತಾವೇ ಸರಿಪಡಿಸಬೇಕಾದ ಹೊಣೆಗಾರಿಕೆಯ ಅವಧಿ ಮುಗಿಯುವುದರೊಳಗೆ ಈ ಪರಿಶೀಲನೆ ಆಗಲಿ ಎಂಬುದು ಅದರ ಬೇಡಿಕೆ.

ಈ ಎರಡು ಪತ್ರಗಳ ಸಾಮೀಪ್ಯವನ್ನು ಹಿಡಿದು, ನಷ್ಟದಿಂದ ಹೊರಬರಲು ಕಂಪನಿ ಬೇರಿಂಗಿನ ನೆಪ ಹುಡುಕಿತು ಎಂದು ಹೇಳುವವರಿದ್ದಾರೆ. ಆ ಮಾತನ್ನು ಹಾಗೆಯೇ ಒಪ್ಪಲು ಆಗದು. ದೋಷ ಕಲ್ಪಿತವಾಗಿರಲಿಲ್ಲ. ತೊಲೆ ಮತ್ತು ಕಂಬದ ನಡುವೆ ಕೂರುವ ಬೇರಿಂಗ್ ತೊಲೆಯ ಸಣ್ಣ ಚಲನೆಗೆ ಅವಕಾಶ ಕೊಡುತ್ತಲೇ ಅದರ ಭಾರವನ್ನು ಸಮನಾಗಿ ಕಂಬಕ್ಕೆ ದಾಟಿಸಬೇಕು. ಅಕ್ಕಪಕ್ಕಕ್ಕೆ ಸರಿಯದಂತೆ ತೊಲೆಯನ್ನು ಹಿಡಿದಿಡಲು ಶಿಯರ್ ಕೀ ಎಂಬ ಕಾಂಕ್ರೀಟಿನ ಗಟ್ಟಿ ಮೊಳೆ ಇರುತ್ತದೆ. ಇಲ್ಲಿ ಬೇರಿಂಗಿನ ಕೆಳಗೆ ತುಂಬಿದ್ದ ಗಾರೆ ಹಲವೆಡೆ ಒಡೆದಿತ್ತು, ಬೇರಿಂಗುಗಳು ಜರುಗಿದ್ದವು, ಶಿಯರ್ ಕೀ ಮತ್ತು ತೊಲೆಯ ನಡುವೆ ಅಂತರ ಉಳಿದಿತ್ತು, ತೊಲೆಗಳಲ್ಲಿ ಬಿರುಕುಗಳಿದ್ದವು. ಬಿರುಕು ಕಂಡ ತೊಲೆಗಳ ಸಂಖ್ಯೆ 367 ಎಂದು ಮುಂದೆ ಮಧ್ಯಸ್ಥಿಕೆ ನ್ಯಾಯಮಂಡಳಿ ದಾಖಲಿಸಿತು. ಒಟ್ಟು ತೊಲೆಗಳಲ್ಲಿ ಇದು ಸುಮಾರು 72 ಶೇಕಡಾ. ಬಿರುಕುಗಳೆಲ್ಲ ಒಂದೇ ತೂಕದವಲ್ಲ, ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಸೀಳು ಇರುವುದು ವಿಶೇಷವೂ ಅಲ್ಲ. ಆದರೂ ರೈಲು ಓಡಲು ಶುರುವಾಗಿ ಒಂದೂವರೆ ವರ್ಷವೂ ಆಗದ ಮಾರ್ಗದಲ್ಲಿ ಇಂಥ ಸ್ಥಿತಿ ಕಂಡ ನಿರ್ವಾಹಕ ಸುಮ್ಮನಿರುವುದು ಸರಿಯಾಗುತ್ತಿರಲಿಲ್ಲ.

ಕಂಪನಿ ಮೊದಲು ರೈಲುಗಳ ವೇಗ ಇಳಿಸಿತು, ಬಳಿಕ ಜುಲೈ 8ರಿಂದ ಓಡಾಟವನ್ನೇ ನಿಲ್ಲಿಸಿತು. ಮರುದಿನ, ಜುಲೈ 9ರಂದು, ಎಂಟು ದೋಷಗಳನ್ನು ಪಟ್ಟಿ ಮಾಡಿ, ಇವನ್ನು 90 ದಿನಗಳೊಳಗೆ ಸರಿಪಡಿಸದಿದ್ದರೆ ಒಪ್ಪಂದದ ಪ್ರಕಾರ ಅದನ್ನು ಡಿಎಂಆರ್‌ಸಿಯ ತಪ್ಪು ಎಂದು ಪರಿಗಣಿಸಲಾಗುವುದೆಂಬ ನೋಟಿಸನ್ನು ಕಳಿಸಿತು.

ಒಂದು ವಾಕ್ಯದ ಎರಡು ತುದಿ

ಒಪ್ಪಂದದ ಕೊನೆಗೊಳಿಸುವ ಷರತ್ತಿನಲ್ಲಿ ಪ್ರಕರಣದ ತಿರುಳಿದೆ. ಡಿಎಂಆರ್‌ಸಿಯು ನೋಟಿಸು ಸಿಕ್ಕ 90 ದಿನಗಳಲ್ಲಿ ಲೋಪವನ್ನು ಸರಿಪಡಿಸಬೇಕು, ಇಲ್ಲವೇ ಸರಿಪಡಿಸಲು ಪರಿಣಾಮಕಾರಿ ಕ್ರಮಗಳನ್ನು ಕೈಗೊಂಡಿರಬೇಕು. ಎರಡನ್ನೂ ಮಾಡದಿದ್ದಾಗ ಮಾತ್ರ ಕಂಪನಿಗೆ ಒಪ್ಪಂದ ಮುರಿಯುವ ಹಕ್ಕು ಬರುತ್ತದೆ. ಷರತ್ತಿನ ಮೊದಲ ತುದಿಯಲ್ಲಿ ಕೆಲಸ ಮುಗಿದಿದೆಯೇ ಎಂದು ಕೇಳಬೇಕು. ಎರಡನೇ ತುದಿಯಲ್ಲಿ, ಕೆಲಸ ಮುಗಿಯುವ ದಿಕ್ಕಿನಲ್ಲಿ ಗಟ್ಟಿಯಾಗಿ ನಡೆದಿದೆಯೇ ಎಂದು. ತೊಲೆಗಳನ್ನು ಜಾಕಿಯಿಂದ ಎತ್ತಿ, ಬೇರಿಂಗ್ ಬದಲಿಸಿ, ಗಾರೆ ತುಂಬಿ, ಮತ್ತೆ ಇಳಿಸಿ, ಅಳತೆ ತೆಗೆದು ಪರೀಕ್ಷಿಸುವ ಕೆಲಸ ನೂರಾರು ಕಡೆ ನಡೆಯಬೇಕಿರುವಾಗ, ಈ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಬರಬೇಕೆಂದೇನೂ ಇಲ್ಲ.

ಡಿಎಂಆರ್‌ಸಿ ತನ್ನ ಗುತ್ತಿಗೆದಾರರಿಂದ ದುರಸ್ತಿ ಮಾಡಿಸತೊಡಗಿತು. ತೊಂಬತ್ತು ದಿನ ಕಳೆದ ಕೂಡಲೇ, ಅಕ್ಟೋಬರ್ 8ರಂದು, ದೋಷ ಸರಿಹೋಗಿಲ್ಲವೆಂದು ಹೇಳಿ ಕಂಪನಿ ಒಪ್ಪಂದ ಕೊನೆಗೊಳಿಸುವ ನೋಟಿಸು ಹೊರಡಿಸಿತು. ಅದೇ ತಿಂಗಳು ಡಿಎಂಆರ್‌ಸಿ ಮಧ್ಯಸ್ಥಿಕೆಗೆ ಹೋಯಿತು. ಇಷ್ಟರಲ್ಲೇ ನಿಂತಿದ್ದರೆ ಇದು ಒಂದು ಸಾಮಾನ್ಯ ಗುತ್ತಿಗೆ ವ್ಯಾಜ್ಯವಾಗಿರುತ್ತಿತ್ತು. ಆದರೆ ಮುಂದೆ ನಡೆದದ್ದು ವಿಚಿತ್ರ: ಒಪ್ಪಂದ ಮುರಿದಿದ್ದೇನೆಂದು ನೋಟಿಸು ಕೊಟ್ಟ ಕಂಪನಿ ಮತ್ತು ಅದನ್ನು ಒಪ್ಪದ ನಿಗಮ ಇಬ್ಬರೂ ಸೇರಿ, ನವೆಂಬರ್ 19ರಂದು, ಮಾರ್ಗವನ್ನು ಮತ್ತೆ ತೆರೆಯಲು ಅನುಮತಿ ಕೋರಿ ಮೆಟ್ರೊ ರೈಲು ಸುರಕ್ಷತಾ ಆಯುಕ್ತರಿಗೆ ಜಂಟಿ ಅರ್ಜಿ ಹಾಕಿದರು.

ಈ ಆಯುಕ್ತರ ಸ್ಥಾನ ಏನೆಂದು ಒಂದೆರಡು ಮಾತು ಹೇಳಬೇಕು. ಮೆಟ್ರೊ ರೈಲು (ಕಾರ್ಯಾಚರಣೆ ಮತ್ತು ನಿರ್ವಹಣೆ) ಕಾಯ್ದೆ, 2002ರ ಪ್ರಕಾರ ಯಾವುದೇ ಮೆಟ್ರೊ ಮಾರ್ಗ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಮೊದಲು ಆಯುಕ್ತರು ಪರಿಶೀಲಿಸಿ, ಸಂಚಾರಕ್ಕೆ ಅಪಾಯವಿಲ್ಲವೆಂದು ಹೇಳಿರಬೇಕು. ಬೆಂಗಳೂರಿನಲ್ಲಿ ನಮ್ಮ ಮೆಟ್ರೊದ ಪ್ರತಿ ಹೊಸ ಭಾಗ ತೆರೆಯುವ ಮುನ್ನ ಪತ್ರಿಕೆಗಳಲ್ಲಿ ಬರುವ ‘ಸುರಕ್ಷತಾ ಆಯುಕ್ತರ ಪರಿಶೀಲನೆ’ ಇದೇ. ರೈಲು ಓಡಿಸುವವರ ಅಧೀನಕ್ಕೆ ಒಳಪಡದ ಹುದ್ದೆ ಇದಾಗಿರುವುದರಿಂದ, ಕಟ್ಟಿದವರ ಅಥವಾ ಓಡಿಸುವವರ ಮಾತಿಗಿಂತ ಅವರ ಮಾತಿಗೆ ತೂಕ ಹೆಚ್ಚು.

ಆಯುಕ್ತರು 2013ರ ಜನವರಿ 18ರಂದು ಷರತ್ತುಬದ್ಧ ಅನುಮತಿ ಕೊಟ್ಟರು. ವೇಗ ಗಂಟೆಗೆ 50 ಕಿ.ಮೀ. ಮೀರಬಾರದು, ತೊಲೆಗಳನ್ನು ಪರಿಶೀಲಿಸುತ್ತ ಹಂತಹಂತವಾಗಿ ಮಾತ್ರ ಅದನ್ನು ಏರಿಸಬೇಕು. ಜನವರಿ 22ರಂದು ರೈಲು ಮತ್ತೆ ಹೊರಟಿತು. ಓಡಿಸಿದವರು ಒಪ್ಪಂದ ಮುಗಿದಿದೆಯೆಂದು ವಾದಿಸುತ್ತಿದ್ದ ಅದೇ ಕಂಪನಿಯವರು. ಐದು ತಿಂಗಳಿಗೂ ಹೆಚ್ಚು ಕಾಲ ಹೀಗೆ ಓಡಿಸಿ, 2013ರ ಜೂನ್ 30ರಂದು ಅದು ಹೊರನಡೆಯಿತು. ಜುಲೈ 1ರಿಂದ ಡಿಎಂಆರ್‌ಸಿ ಮಾರ್ಗವನ್ನು ತಾನೇ ನಡೆಸತೊಡಗಿತು. ಒಂದು ಸಂಸ್ಥೆ ಹೋಗಿ ಇನ್ನೊಂದು ಬಂದರೂ ನಡುವೆ ಸೇವೆ ಮತ್ತೆ ನಿಲ್ಲಲಿಲ್ಲ ಎಂಬುದು ಈ ಕಥೆಯಲ್ಲಿ ಯಾರೂ ಹೆಚ್ಚು ಗಮನಿಸದ, ಆದರೆ ಮೆಚ್ಚಬೇಕಾದ ಸಂಗತಿ.

ಐದು ಉತ್ತರಗಳು

ಮೂವರು ಸದಸ್ಯರ ಮಧ್ಯಸ್ಥಿಕೆ ನ್ಯಾಯಮಂಡಳಿ 2017ರ ಮೇ 11ರಂದು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ದೋಷಗಳು 90 ದಿನಗಳಲ್ಲಿ ಸರಿಯಾಗಲಿಲ್ಲ, ಪರಿಣಾಮಕಾರಿ ಕ್ರಮಗಳೂ ಆಗಲಿಲ್ಲ, ಆದ್ದರಿಂದ ಒಪ್ಪಂದ ಮುರಿದದ್ದು ಸರಿ ಎಂಬುದು ಅದರ ನಿರ್ಣಯ. ಡಿಎಂಆರ್‌ಸಿಯ ತಪ್ಪಿನಿಂದ ಒಪ್ಪಂದ ಮುರಿದರೆ ಕಂಪನಿಯ ಬ್ಯಾಂಕ್ ಸಾಲವನ್ನೂ, ಅದರ ಒಡೆಯರು ಹಾಕಿದ ಬಂಡವಾಳವನ್ನು ಒಪ್ಪಂದದ ಸೂತ್ರದಂತೆ ಹೊಂದಿಸಿ ಬರುವ ಮೊತ್ತದ 130 ಶೇಕಡಾವನ್ನೂ ನಿಗಮ ಕೊಡಬೇಕೆಂದು ಒಪ್ಪಂದದಲ್ಲಿತ್ತು. ಅದರಂತೆ 2,782.33 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡುವಂತೆ ಮಂಡಳಿ ಆದೇಶಿಸಿತು. ಸುರಕ್ಷತಾ ಆಯುಕ್ತರ ಅನುಮತಿ ಪತ್ರವನ್ನು ಅದು ಈ ಪ್ರಶ್ನೆಗೆ ಸಂಬಂಧವಿಲ್ಲದ್ದೆಂದು ಬದಿಗಿರಿಸಿತು. ಪತ್ರ ಬಂದದ್ದು ಗಡುವು ಮುಗಿದ ಮೇಲೆ. ಅದು ಹೇಳಿದ್ದು ರೈಲು ಓಡಬಹುದೆಂದು, ದೋಷ ಇಲ್ಲವೆಂದಲ್ಲ ಎಂಬ ನೆಲೆಯಲ್ಲಿ ನೋಡಿದರೆ ಈ ನಿಲುವಿಗೂ ಒಂದು ತರ್ಕವಿದೆ.

ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2018ರ ಮಾರ್ಚ್ 6ರಂದು ಈ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿತು. 2019ರ ಜನವರಿ 15ರಂದು ಅದೇ ಹೈಕೋರ್ಟಿನ ವಿಭಾಗೀಯ ಪೀಠ ತೀರ್ಪನ್ನು ರದ್ದುಮಾಡಿತು. ಒಪ್ಪಂದ ಯಾವ ದಿನ ಕೊನೆಗೊಂಡಿತೆಂಬುದೇ ಅಸ್ಪಷ್ಟವಾಗಿದೆ, ಆಯುಕ್ತರ ಅನುಮತಿಯನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂಬವು ಅದರ ಮುಖ್ಯ ಆಕ್ಷೇಪಗಳು. 2021ರ ಸೆಪ್ಟೆಂಬರ್ 9ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಎಸ್. ರವೀಂದ್ರ ಭಟ್ ಅವರ ಸುಪ್ರೀಂ ಕೋರ್ಟ್ ಪೀಠ ವಿಭಾಗೀಯ ಪೀಠದ ಆದೇಶವನ್ನು ತಳ್ಳಿಹಾಕಿ, ಮಧ್ಯಸ್ಥಿಕೆಯ ತೀರ್ಪಿಗೆ ಮತ್ತೆ ಜೀವ ಕೊಟ್ಟಿತು. ವಾಸ್ತವಾಂಶಗಳ ಬಗೆಗೆ ಮಂಡಳಿ ಕಂಡುಕೊಂಡದ್ದನ್ನು ನ್ಯಾಯಾಲಯ ಮೇಲ್ಮನವಿಯಂತೆ ಮತ್ತೆ ತೂಗಬಾರದೆಂಬ ತತ್ತ್ವ ಆ ತೀರ್ಪಿನ ಬೆನ್ನೆಲುಬು. ಅದೇ ವರ್ಷದ ನವೆಂಬರಿನಲ್ಲಿ ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು.

ಸಾಮಾನ್ಯವಾಗಿ ಇಲ್ಲಿಗೆ ವ್ಯಾಜ್ಯ ಮುಗಿಯಬೇಕು. 2002ರಲ್ಲಿ ರೂಪಾ ಅಶೋಕ್ ಹುರ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನೇ ಕಂಡುಕೊಂಡ ಕ್ಯುರೇಟಿವ್ ಅರ್ಜಿಯೆಂಬ ಕೊನೆಯ ಬಾಗಿಲು ತೆರೆಯುವುದು ತೀರ ಅಪರೂಪ. ಇಲ್ಲಿ ಅದು ತೆರೆಯಿತು. 2024ರ ಏಪ್ರಿಲ್ 10ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಸೂರ್ಯಕಾಂತ್ ಅವರ ಪೀಠ, ವಿಭಾಗೀಯ ಪೀಠ ತೀರ್ಪನ್ನು ರದ್ದುಮಾಡಿದ್ದು ಸರಿಯಾಗಿತ್ತು, ಅದರಲ್ಲಿ ತಾನು 2021ರಲ್ಲಿ ಮಧ್ಯಪ್ರವೇಶಿಸಬಾರದಿತ್ತು ಎಂದು ಹೇಳಿತು. ಎರಡು ಕಾರಣಗಳು ಮುಖ್ಯವಾದವು. ಷರತ್ತಿನಲ್ಲಿದ್ದ ‘ಪರಿಣಾಮಕಾರಿ ಕ್ರಮ’ದ ಭಾಗವನ್ನು ಮಂಡಳಿ ಅಲಕ್ಷಿಸಿತು, ಡಿಎಂಆರ್‌ಸಿ ಕೈಗೊಂಡ ಕ್ರಮಗಳು ಏಕೆ ಪರಿಣಾಮಕಾರಿಯಲ್ಲವೆಂದು ವಿವರಿಸದೆ, ಕೆಲಸ ಪೂರ್ತಿ ಮುಗಿದಿಲ್ಲ ಎಂಬಷ್ಟಕ್ಕೇ ನಿರ್ಣಯವನ್ನು ನಿಲ್ಲಿಸಿತು. ಎರಡನೆಯದಾಗಿ, ಕಾಯ್ದೆಯ ಅಡಿ ಸುರಕ್ಷತಾ ಆಯುಕ್ತರು ಕೊಟ್ಟ ಪತ್ರ ದೋಷ ಸರಿಪಡಿಸುವ ಕೆಲಸ ಯಾವ ಹಂತಕ್ಕೆ ಬಂದಿತ್ತೆಂಬುದಕ್ಕೆ ಮಹತ್ವದ ಸಾಕ್ಷ್ಯವಾಗಿದ್ದಾಗ, ಅದನ್ನು ಸಂಬಂಧವಿಲ್ಲದ್ದೆಂದು ಬಿಡುವಂತಿರಲಿಲ್ಲ.

ಒಂದೇ ಕಡತ, ಒಂದೇ ಷರತ್ತು, ಒಂದೇ ಪತ್ರ ಐದು ಕಡೆ ಓದಲ್ಪಟ್ಟು, ಮೂರು ಕಡೆ ಕಂಪನಿಯ ಪರವೂ ಎರಡು ಕಡೆ ನಿಗಮದ ಪರವೂ ಉತ್ತರ ಬಂತು. ಕ್ಯುರೇಟಿವ್ ತೀರ್ಪನ್ನು ಟೀಕಿಸುವವರು, ಮಧ್ಯಸ್ಥಿಕೆಯ ಅಂತಿಮತೆಗೆ ಇದರಿಂದ ಪೆಟ್ಟು ಬಿತ್ತೆನ್ನುತ್ತಾರೆ. ಏಳು ವರ್ಷಗಳ ನಂತರ ತೀರ್ಪು ಬಿದ್ದುಹೋಗಬಹುದಾದರೆ, ಬ್ಯಾಂಕುಗಳು ಯಾವ ಧೈರ್ಯದಲ್ಲಿ ಸಾಲ ಕೊಟ್ಟಾವು ಎಂಬುದು ಅವರ ಪ್ರಶ್ನೆ. ಆ ಕಳವಳ ನ್ಯಾಯವಾದದ್ದೇ. ಆದರೆ ಫಲಿತಾಂಶದ ಮಟ್ಟಿಗೆ ಕ್ಯುರೇಟಿವ್ ತೀರ್ಪಿನ ಓದು ಹೆಚ್ಚು ಸರಿಯೆಂದು ಈ ಲೇಖಕನ ಅಭಿಪ್ರಾಯ. ಒಂದು ಷರತ್ತಿನಲ್ಲಿ ‘ಅಥವಾ’ ಇದ್ದಾಗ ಅದರ ಎರಡೂ ಬದಿಗೆ ಉತ್ತರ ಬೇಕು. ಗಡುವು ದಾಟಿ ನೂರು ದಿನದ ಆಸುಪಾಸಿನಲ್ಲಿ ರೈಲು ಮತ್ತೆ ಓಡಿದೆ, ಅದಕ್ಕೆ ಅರ್ಜಿ ಹಾಕಿದವರಲ್ಲಿ ಕಂಪನಿಯೂ ಒಬ್ಬರು ಎಂದಮೇಲೆ, ದುರಸ್ತಿ ಎಲ್ಲಿಗೂ ತಲುಪುತ್ತಿರಲಿಲ್ಲವೆಂದು ಹೇಳಲು ಬಲವಾದ ಕಾರಣ ಕೊಡಬೇಕಿತ್ತು. ಅಂಥ ಕಾರಣ ತೀರ್ಪಿನಲ್ಲಿ ಕಾಣಲಿಲ್ಲ. ಇದರರ್ಥ ಕಟ್ಟಡದ ದೋಷಕ್ಕೆ ಡಿಎಂಆರ್‌ಸಿ ಹೊಣೆಯಲ್ಲವೆಂದಲ್ಲ. ತೊಲೆಗಳನ್ನು ಕಟ್ಟಿಸಿದ್ದು ಅದೇ. ಅವು ಅಷ್ಟು ಬೇಗ ಆ ಸ್ಥಿತಿಗೆ ಬಂದದ್ದಕ್ಕೆ ಮೊದಲು ಉತ್ತರ ಹೇಳಬೇಕಾದವರೂ ಅವರೇ. ಒಪ್ಪಂದ ಮುರಿಯುವ ಹಕ್ಕು ಬಂದಿತ್ತೇ ಎಂಬುದು ಅದರಿಂದ ಬೇರೆಯಾದ ಪ್ರಶ್ನೆ.

ಹಣದ ವಿಷಯದಲ್ಲಿ ತಡವಾದ ನ್ಯಾಯ ದುಬಾರಿಯಾಗುತ್ತದೆ. ಸ್ಟೇಟ್ ಬ್ಯಾಂಕಿನ ಸಾಲದರಕ್ಕೆ ಹೆಚ್ಚುವರಿ ಸೇರಿಸಿ ಬಡ್ಡಿ ಲೆಕ್ಕ ಹಾಕುವ ಪದ್ಧತಿಯಿಂದ, 2,782 ಕೋಟಿಯಾಗಿದ್ದ ಮೊತ್ತ 2022ರ ಹೊತ್ತಿಗೆ ಸುಮಾರು 8,000 ಕೋಟಿಯಾಗಿತ್ತು. 2021ರ ನಂತರ ಈ ಹಣ ವಸೂಲಿಗಾಗಿ ದೆಹಲಿ ಹೈಕೋರ್ಟಿನಲ್ಲಿ ಮತ್ತೊಂದು ಸುತ್ತಿನ ವ್ಯಾಜ್ಯ ನಡೆಯಿತು. ಟಿಕೆಟ್ ಹಣದಿಂದ ದಿನನಿತ್ಯದ ಖರ್ಚು ತೂಗಿಸುವ ನಿಗಮ ಅಷ್ಟನ್ನು ಎಲ್ಲಿಂದ ತರಬೇಕು, ಅದರ ಒಡೆಯರಾದ ಎರಡು ಸರ್ಕಾರಗಳಲ್ಲಿ ಯಾರು ಎಷ್ಟು ಕೊಡಬೇಕು, ಲಕ್ಷಾಂತರ ಜನ ದಿನವೂ ಬಳಸುವ ಮೆಟ್ರೊದ ಖಾತೆಗಳನ್ನು ಜಪ್ತಿ ಮಾಡಬಹುದೇ ಎಂಬ ಪ್ರಶ್ನೆಗಳು ಎದ್ದವು. ಆ ಹೊತ್ತಿಗೆ ನಿಗಮ ಸಾವಿರಾರು ಕೋಟಿ ರೂಪಾಯಿ ಕಟ್ಟಿಯಾಗಿತ್ತು. 2024ರ ತೀರ್ಪು ಆ ಹಣವನ್ನು ನಿಗಮಕ್ಕೆ ಹಿಂದಿರುಗಿಸಬೇಕೆಂದಿತು.

ಬೆಂಗಳೂರಿನ ಒಂದು ಹೋಲಿಕೆ

2018ರ ಡಿಸೆಂಬರಿನಲ್ಲಿ ಬೆಂಗಳೂರಿನ ಟ್ರಿನಿಟಿ ನಿಲ್ದಾಣದ ಬಳಿ, 155ನೇ ಕಂಬದ ಮೇಲಿನ ಅಡ್ಡತೊಲೆಯಲ್ಲಿ ಕಾಂಕ್ರೀಟು ಒಳಗೆ ಸರಿಯಾಗಿ ತುಂಬದೆ ಜೇನುಗೂಡಿನಂತೆ ಟೊಳ್ಳು ಉಳಿದಿದ್ದು ಪತ್ತೆಯಾಯಿತು. ಕಂಬದ ಪಕ್ಕ ಉಕ್ಕಿನ ಆಸರೆ ಕೊಟ್ಟರು, ರೈಲುಗಳ ವೇಗ ಇಳಿಸಿದರು, ತಿಂಗಳ ಕೊನೆಯಲ್ಲಿ ಎಂ.ಜಿ. ರಸ್ತೆ ಮತ್ತು ಇಂದಿರಾನಗರ ನಡುವೆ ಸಂಚಾರ ನಿಲ್ಲಿಸಿ ದುರಸ್ತಿ ಮಾಡಿ ಮತ್ತೆ ಓಡಿಸಿದರು. ದೋಷದ ಪ್ರಮಾಣದಲ್ಲಿ ಇದು ದೆಹಲಿಯದಕ್ಕೆ ಸರಿಸಾಟಿಯಲ್ಲ. ಅಲ್ಲಿ ನೂರಾರು ತೊಲೆಗಳಿದ್ದವು, ಇಲ್ಲಿ ಒಂದು. ಆದರೆ ಬೆಂಗಳೂರಿನಲ್ಲಿ ಕಾಮಗಾರಿ ಮಾಡಿಸಿದ ನಿಗಮ ಮತ್ತು ರೈಲು ಓಡಿಸುವ ನಿಗಮ ಒಂದೇ ಆಗಿದ್ದರಿಂದ ಯಾರು ಯಾರಿಗೆ ನೋಟಿಸು ಕೊಡಬೇಕೆಂಬ ಪ್ರಶ್ನೆಯೇ ಬರಲಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗವನ್ನೂ ಬೆಂಗಳೂರು ಮೆಟ್ರೊ ನಿಗಮವೇ ಕಟ್ಟಿಸುತ್ತಿದೆ. ಒಡೆತನ ಒಂದೇ ಕೈಯಲ್ಲಿದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನಲಾಗದು. ತನ್ನ ಕೆಲಸದ ದೋಷವನ್ನು ತಾನೇ ಮುಚ್ಚಿಡುವ ಆಮಿಷ ಅಲ್ಲಿ ಹೆಚ್ಚು, ಹೊರಗಿನ ನಿರ್ವಾಹಕನಿಗಿರುವ ದೂರು ಕೊಡುವ ಹುರುಪು ಅಲ್ಲಿ ಇರುವುದಿಲ್ಲ. ದೆಹಲಿಯಲ್ಲಿ ಬೇರಿಂಗುಗಳ ದೋಷ ಅಷ್ಟು ಬೇಗ ಬಹಿರಂಗವಾದದ್ದು ಒಪ್ಪಂದದಲ್ಲಿ ಇನ್ನೊಬ್ಬರಿದ್ದ ಕಾರಣಕ್ಕೇ ಎಂದೂ ವಾದಿಸಬಹುದು.

ಡಿಎಂಆರ್‌ಸಿಯ ಕೈಗೆ ಬಂದ ಮೇಲೆ

ವ್ಯಾಜ್ಯ ನಡೆಯುತ್ತಿರುವಾಗಲೇ ಮಾರ್ಗದ ಸ್ವರೂಪ ಬದಲಾಯಿತು. ನಿಗಮ ದರವನ್ನು ಒಂದಕ್ಕಿಂತ ಹೆಚ್ಚು ಸಲ ಇಳಿಸಿ, ನವದೆಹಲಿಯಿಂದ ವಿಮಾನ ನಿಲ್ದಾಣಕ್ಕೆ 60 ರೂಪಾಯಿಗೆ ತಂದಿತು. ಪ್ರಯಾಣಿಕರ ಸಂಖ್ಯೆ ಏರಿತು. ಏರಿದವರಲ್ಲಿ ಎಲ್ಲರೂ ವಿಮಾನ ಹಿಡಿಯುವವರಲ್ಲ, ದ್ವಾರಕಾದಿಂದ ನಗರದ ನಡುಭಾಗಕ್ಕೆ ಬೇಗ ಸೇರಬೇಕಾದ ನೌಕರರೂ ಇದ್ದರು. ಖಾಸಗಿ ಲೆಕ್ಕಾಚಾರ ಹೆಚ್ಚು ದರ ಕೊಡುವ ಕಡಿಮೆ ಜನರನ್ನು ನಂಬಿತ್ತು. ನಿಗಮ ಇದನ್ನು ನಗರದ ಉಳಿದ ಜಾಲದ ಒಂದು ವೇಗದ ಕೊಂಬೆಯಂತೆ ನಡೆಸಿತು. ಹೂಡಿದ ಬಂಡವಾಳವನ್ನು 60 ರೂಪಾಯಿಯ ದರ ಮರಳಿಸದು, ಆದ್ದರಿಂದ ಕಂಪನಿಯೂ ಹೀಗೆಯೇ ಮಾಡಬಹುದಿತ್ತೆಂದು ಹೇಳುವುದು ಸುಲಭವಾದರೂ ನ್ಯಾಯವಲ್ಲ. ಸಾಲದ ಕಂತು ಮತ್ತು ಏರುವ ಶುಲ್ಕ ಎರಡನ್ನೂ ಹೊತ್ತ ಕಂಪನಿಗೆ ದರ ಇಳಿಸುವ ಅವಕಾಶ ಇರಲಿಲ್ಲ.

ಐವತ್ತು ಕಿಲೋಮೀಟರಿಗೆ ಇಳಿದಿದ್ದ ವೇಗ ವರ್ಷಗಳುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಏರಿತು. 2023ರ ಮಾರ್ಚ್‌ನಲ್ಲಿ ಗಂಟೆಗೆ 100 ಕಿ.ಮೀ. ಆಯಿತು, ಅದೇ ವರ್ಷದ ಸೆಪ್ಟೆಂಬರ್ 17ರಂದು, ದ್ವಾರಕಾ ಸೆಕ್ಟರ್ 25ರ ಯಶೋಭೂಮಿ ನಿಲ್ದಾಣದವರೆಗೆ ಮಾರ್ಗ ವಿಸ್ತರಣೆಯಾದಾಗ, 120ಕ್ಕೆ ತಲುಪಿತು. ಈಗ ನವದೆಹಲಿಯಿಂದ ವಿಮಾನ ನಿಲ್ದಾಣಕ್ಕೆ ಹದಿನೈದು ಹದಿನಾರು ನಿಮಿಷ ಸಾಕು. ಈ ಸಂಗತಿಯನ್ನು ಹಿಡಿದು, ತೊಲೆಗಳು ಮೊದಲಿನಿಂದಲೂ ಗಟ್ಟಿಯಾಗಿಯೇ ಇದ್ದವೆಂದು ಡಿಎಂಆರ್‌ಸಿಯ ಪರ ವಾದಿಸುವವರನ್ನು ಕಾಣುತ್ತೇವೆ. ಆ ವಾದ ನಿಲ್ಲುವುದಿಲ್ಲ. 2023ರ ವೇಗ, ನಡುವಿನ ಹತ್ತು ವರ್ಷಗಳ ದುರಸ್ತಿ, ಪರಿಶೀಲನೆ ಮತ್ತು ಎಚ್ಚರದ ಫಲ. ಅದು 2012ರ ಜುಲೈನಲ್ಲಿ ತೊಲೆಗಳು ಹೇಗಿದ್ದವೆಂದು ಹೇಳುವುದಿಲ್ಲ. ಆ ವರ್ಷದ ಜುಲೈ 9 ಮತ್ತು ಅಕ್ಟೋಬರ್ 8ರ ನಡುವೆ ಎಷ್ಟು ಬೇರಿಂಗುಗಳನ್ನು ಎತ್ತಿ ಸರಿಮಾಡಲಾಯಿತು, ಎಷ್ಟು ಬಾಕಿ ಉಳಿದವು, ಬಾಕಿಯ ಕೆಲಸಕ್ಕೆ ಯಾವ ವೇಳಾಪಟ್ಟಿ ಇತ್ತು ಎಂಬುದಷ್ಟೇ ಷರತ್ತಿನ ದೃಷ್ಟಿಯಿಂದ ಮುಖ್ಯ. ಎರಡೂ ಕಡೆಯವರು ಸಹಿ ಮಾಡಿದ ವಾರವಾರದ ಜಂಟಿ ಲೆಕ್ಕವೊಂದು ಆ ಮೂರು ತಿಂಗಳಲ್ಲಿ ಕಡ್ಡಾಯವಾಗಿರಬೇಕೆಂದು 2008ರ ಒಪ್ಪಂದದಲ್ಲೇ ಬರೆದಿದ್ದರೆ, ‘ಪರಿಣಾಮಕಾರಿ ಕ್ರಮ’ ಏನೆಂದು ತೀರ್ಮಾನಿಸಲು ಹನ್ನೆರಡು ವರ್ಷ ಹಿಡಿಯುತ್ತಿರಲಿಲ್ಲ.